ವಾಡಿ ಜಂಕ್ಷನ್, ಕ್ಲೋರೋಫಾರ್ಮ್ ಮತ್ತು ಹಲ್ಲಿನ ಡಾಕ್ಟರ ಭಯ

ಸೇಡಂನಲ್ಲಿರುವ ಅಕ್ಕನ ಮಗಳಿಗೆ ಏಳು ವರ್ಷ. ದವಡೆ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ಅಳು. ಕಲಬುರಗಿಗೆ ಹೋಗೋಣ ಅಂದರೆ ಚಪ್ಪಲಿ ಹಾಕಿಕೊಳ್ಳೋಕೂ ಒಪ್ಪಲಿಲ್ಲ. ತಪ್ಪು ಅವಳದಲ್ಲ ಬಿಡಿ... ಊಟ ಬೇಡ ಅಂದಾಗೆಲ್ಲ "ಸೂಜಿ ಮಾಡಸ್ತೀನಿ ನೋಡು" ಅಂತ ಹೆದರಿಸಿದ್ದು ನಾವೇ.

ಈ ಭಯದ ಬಗ್ಗೆ ಓದುತ್ತಾ ಹೋದರೆ ನಮ್ಮ ಸೀಮೆಯದೇ ಒಂದು ಹಳೆಯ ಕಥೆ ಸಿಕ್ಕಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲ 1948ರವರೆಗೆ ನಿಜಾಮರ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆದರೆ ಕಥೆ ಶುರುವಾಗೋದು ಇಂಗ್ಲೆಂಡಿನಲ್ಲಿ.

1847ರಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂತು. ನೋವಿಲ್ಲದೆ ಹಲ್ಲು ಕೀಳಬಹುದು ಅಂತ ಜನ ಸಂತೋಷಪಟ್ಟರು. ಮರುವರ್ಷ ಜನವರಿ 28ಕ್ಕೆ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಕೂತಳು. ಮೊದಲೊಮ್ಮೆ ಈಥರ್ ಕೊಟ್ಟು ಇನ್ನೊಂದು ಉಗುರು ತೆಗೆದಿದ್ದರು. ಈ ಸಲ ಹೆದರಿ ಅಳುತ್ತಿದ್ದಳು. ಕ್ಲೋರೋಫಾರ್ಮ್ ಮೂಗಿಗೆ ಹಿಡಿದು ಕೆಲವೇ ನಿಮಿಷಕ್ಕೆ ಸತ್ತುಹೋದಳು. ಅಲ್ಲಿಂದಾಚೆಗೆ ಇಂಥ ಸಾವುಗಳು ನಡೆಯುತ್ತಲೇ ಹೋದವು. ವಿಚಿತ್ರ ಅಂದರೆ, ದೊಡ್ಡ ಆಪರೇಷನ್‌ಗಳಲ್ಲಷ್ಟೇ ಅಲ್ಲ, ಹಲ್ಲು ಕೀಳುವಂಥ ಸಣ್ಣ ಕೆಲಸದಲ್ಲೂ ಸಾಯುತ್ತಿದ್ದರು.

ಯಾಕೆ? ಇದಕ್ಕೆ ಉತ್ತರ ಹುಡುಕಲು ದುಡ್ಡು ಕೊಟ್ಟವರು ಆರನೇ ನಿಜಾಮ ಮಹಬೂಬ್ ಅಲಿ ಖಾನ್. ಹೈದರಾಬಾದಿನ ಸರ್ಜನ್ ಎಡ್ವರ್ಡ್ ಲಾರಿ (ಹೆಸರೇ ಹಾಗೆ, ನಗಬೇಡಿ) 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗ ನಡೆಸಿದರು. ಎರಡನೆಯದಕ್ಕೆ ಲಂಡನ್ನಿನ ಲಾನ್ಸೆಟ್ ಪತ್ರಿಕೆ ತನ್ನ ಪರವಾಗಿ ಲಾಡರ್ ಬ್ರಂಟನ್ ಎಂಬ ವೈದ್ಯರನ್ನು ಕಳಿಸಿತು. ಅದಕ್ಕೂ ನಿಜಾಮರೇ 1000 ಪೌಂಡ್ ಕೊಟ್ಟಿದ್ದರು. ಆಗ ಮುಂಬೈಯಿಂದ ಹೈದರಾಬಾದಿಗೆ ರೈಲುದಾರಿ ಅಂತ ಇದ್ದದ್ದು ವಾಡಿ ಮೇಲೆಯೇ, 1874ರಲ್ಲಿ ಹಾಕಿದ ಹಳಿ. ಶಹಾಬಾದ್ ದಾಟಿ, ವಾಡಿಗೆ ಬಂದು, ಚಿತ್ತಾಪುರ, ಸೇಡಂ ಹಾದು ಹೋಗಬೇಕು. ನಮ್ಮೂರ ತೊಗರಿ ಹೊಲ ನೋಡಿಕೊಂಡೇ ಹೋಗಿರಬೇಕು ಆ ಸಾಹೇಬರು!

ನೂರಾರು ನಾಯಿ, ಮಂಗಗಳ ಮೇಲೆ ಪ್ರಯೋಗ ನಡೆಯಿತು. ಆಘಾತಕ್ಕೆ ಹೃದಯ ನಿಲ್ಲುತ್ತದಾ ಅಂತ ನೋಡಲು ಅವುಗಳ ಹಲ್ಲನ್ನೂ ಕಿತ್ತರು, ಪಾಪ. ಹೃದಯ ನಿಲ್ಲಲಿಲ್ಲ. ನಾಡಿ ನೋಡಬೇಡಿ, ಉಸಿರು ನೋಡಿ ಅಂತ ಲಾರಿ ತೀರ್ಪು ಕೊಟ್ಟರು. ಉಸಿರು ನೋಡಬೇಕು ಅನ್ನೋದೇನೋ ಸರಿ, ಹೃದಯದ ವಿಷಯದಲ್ಲಿ ಮಾತ್ರ ಎಡವಿದ್ದರು. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದು: ಕ್ಲೋರೋಫಾರ್ಮ್ ಕಮ್ಮಿ ಇದ್ದು ಅರ್ಧ ಎಚ್ಚರವಿರುವಾಗ ಮೈಯಲ್ಲಿ ಅಡ್ರಿನಲಿನ್ ಏರಿದರೆ ಹೃದಯ ತಾಳತಪ್ಪಿ ನಿಂತುಬಿಡುತ್ತದೆ. ಹೆದರಿದವರ ಮೈಯಲ್ಲಿ ಏರೋದು ಅದೇ ಅಡ್ರಿನಲಿನ್. ಹಲ್ಲಿನ ಕುರ್ಚಿಯಲ್ಲಿ ಕೊಡುತ್ತಿದ್ದದ್ದೂ ಕಮ್ಮಿ ಕ್ಲೋರೋಫಾರ್ಮೇ. ಅಂದರೆ ಹೆದರಿಕೆ ಅನ್ನೋದು ಬರೀ ಮಕ್ಕಳ ಹಟ ಆಗಿರಲಿಲ್ಲ, ಜೀವ ತೆಗೆಯುವಂಥದ್ದಾಗಿತ್ತು. ಹ್ಯಾನಾ ಸಾವಿಗೆ ಬೇರೆ ಕಾರಣ ಹೇಳುವವರೂ ಇದ್ದಾರೆ. ಆದರೂ ಅವಳ ಅಳು ನನಗೆ ಮರೆಯೋಕಾಗ್ತಿಲ್ಲ.

1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಲಿಗ್ನೋಕೇನ್ ತಯಾರಿಸಿದ ಮೇಲೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಹಲ್ಲು ಕೀಳೋದು ಇನ್ನಷ್ಟು ಸಲೀಸಾಯಿತು. ಸಾಯುವ ಅಪಾಯ ಹೋಯಿತು, ಭಯ ಹೋಗಲಿಲ್ಲ. 1982ರಲ್ಲಿ ಕತ್ಬರ್ಟ್ ಮತ್ತು ಮೆಲಮೆಡ್ ಎಂಬಿಬ್ಬರು ಮಕ್ಕಳ ಭಯ ಅಳೆಯಲು 15 ಪ್ರಶ್ನೆಗಳ ಪಟ್ಟಿ ಮಾಡಿದರು. ಸೂಜಿ, ಡ್ರಿಲ್ಲಿನ ಸದ್ದು ಸರಿಯೇ. ಅಪರಿಚಿತರು ಮುಟ್ಟೋದು, ಬಿಳಿ ಬಟ್ಟೆ ಹಾಕಿದವರು ಕೂಡ ಅದರಲ್ಲಿದ್ದಾರೆ! ಹಿಂದೆ ಆದ ನೋವು, ಅಪ್ಪ ಅಮ್ಮನ ಸ್ವಂತ ಭಯ, ಮನೆಯಲ್ಲಿ ಕೇಳಿದ ಕಥೆಗಳು, ಇವೆಲ್ಲ ಮಗುವಿನ ಹೆದರಿಕೆಗೆ ಸೇರಿಕೊಳ್ಳುತ್ತವಂತೆ.

ನಮ್ಮ ಕಡೆ ಇನ್ನೊಂದು ಕಾರಣ ಇದೆ ಅಂತ ನನಗನ್ನಿಸುತ್ತೆ, ದೂರ. ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ದಂತ ಕಾಲೇಜು ಶುರುವಾದದ್ದೇ 1986ರಲ್ಲಿ. ಚಿಂಚೋಳಿಗಂತೂ ರೈಲೇ ಇಲ್ಲ. ನೋವು ತಡೆಯಲಾರದಷ್ಟು ಆದ ಮೇಲೆ, ಕೂಲಿ ಬಿಟ್ಟು, ಬಸ್ ಹಿಡಿದು ಮಗುವನ್ನು ಕರೆದೊಯ್ಯುತ್ತಾರೆ. ಮೊದಲ ಸಲಕ್ಕೇ ಕೀಳೋದು. ಆ ಮಗು ಎರಡನೇ ಸಲ ನಗುತ್ತಾ ಯಾಕೆ ಹೋಗುತ್ತೆ ಹೇಳಿ?

ಕೊನೆಗೆ ನಾವು ಹೋದದ್ದು ರೈಲಿನಲ್ಲಿ. ಚಿತ್ತಾಪುರ, ವಾಡಿ, ಶಹಾಬಾದ್... ಬ್ರಂಟನ್ ಸಾಹೇಬರ ದಾರಿಯೇ, ತಿರುಗುಮುರುಗು. ಡಾಕ್ಟರಮ್ಮ ಮೊದಲು ಕನ್ನಡಿ ಕೊಟ್ಟರು. ಆಮೇಲೆ ಬ್ರಷ್ ಸಿಕ್ಕಿಸಿದ ಮಿಷನ್ನನ್ನು ಅವಳ ಉಗುರಿನ ಮೇಲೆ ಓಡಿಸಿ ತೋರಿಸಿದರು. ಹೇಳು, ತೋರಿಸು, ಆಮೇಲೆ ಮಾಡು ಅನ್ನುವ ಈ ವಿಧಾನವನ್ನು 1959ರಲ್ಲೇ ಅಡೆಲ್‌ಸ್ಟನ್ ಎಂಬುವರು ಬರೆದಿಟ್ಟಿದ್ದಾರೆ. ಅವತ್ತು ಬರೀ ಹಲ್ಲು ಉಜ್ಜಿ ಕಳಿಸಿದರು, ಇನ್ನೊಂದು ವಾರ ಬಿಟ್ಟು ಬನ್ನಿ ಅಂದರು.

ವಾಪಸ್ ಬರುವಾಗ ವಾಡಿ ಸ್ಟೇಷನ್ನಿನಲ್ಲಿ ಕೇಳಿದಳು, "ಮಾಮಾ, ನಿನಗ ಮಾಡಿದ್ರ ನೀ ಅಳ್ತಿದ್ದೇನು?" ಚಹಾ ಕುಡಿಯೋ ನೆಪದಲ್ಲಿ ಇಳಿದುಬಿಟ್ಟೆ.