ಮರವಾಗೋ ಹುಡುಗಿ ವಿಯೆನ್ನಾಗೆ ಹೋದ ಕತೆ

ಹಳೇ ಕತೆನ ಹೊಸ ಸೀಮೆಗೆ ತಗೊಂಡು ಹೋಗಿ ಹೇಳೋದು ಈಗ ಟ್ರೆಂಡು. ಸ್ನೋವೈಟ್ ಕೈಗೆ ಪಿಸ್ತೂಲು ಕೊಟ್ಟು ಅಮೆರಿಕದ ಕೌಬಾಯ್ ಸೀಮೆಗೆ ಕಳಿಸಿರೋ ಕಿರು ಕಾದಂಬರಿನೂ ಇದೆ. ನಮ್ಮ ಕನ್ನಡದ ಅಜ್ಜಿಕತೆ ಒಂದು ಹಾಗೇ ಸಮುದ್ರ ದಾಟಿದೆ. ಇವತ್ತು ಅದರ ಹಿಸ್ಟರಿ.

ಮೊದ್ಲು ಕತೆ. ಕೂಲಿ ಮಾಡೋ ತಾಯಿ, ವಯಸ್ಸಿಗೆ ಬಂದ ಇಬ್ರು ಹೆಣ್ಮಕ್ಕಳು. ಅವ್ವನ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳ್ತಾಳೆ: ಎರಡು ಕೊಡ ನೀರು ತಾ. ಒಂದು ಕೊಡ ಸುರಿದ್ರೆ ಮರ ಆಗ್ತೀನಿ, ಹೂ ಕಿತ್ಕೊ, ಕೊಂಬೆ ಮಾತ್ರ ಮುರೀಬೇಡ. ಇನ್ನೊಂದು ಸುರಿದ್ರೆ ಮತ್ತೆ ಹುಡುಗಿ. ಹೂ ಅರಮನೆಗೆ ಮಾರಾಟ ಆಗುತ್ತೆ. ರಾಜಕುಮಾರ ಕದ್ದು ನೋಡಿ, ಅವಳನ್ನೇ ಮದುವೆ ಆಗ್ತಾನೆ. ಆಮೇಲೆ ಅವನು ಕೇಳೋದೂ ಅದನ್ನೇ, ಮರ ಆಗು ಅಂತ. ನಾದಿನಿ ಗೆಳತಿಯರ ಜತೆ ತೋಟಕ್ಕೆ ಕರ್ಕೊಂಡು ಹೋಗಿ, ಕೊಂಬೆ ಮುರಿದು, ನೀರನ್ನ ಅರೆಬರೆ ಚೆಲ್ಲಿ ಬಿಟ್ಟು ಬರ್ತಾಳೆ. ಹುಡುಗಿಗೆ ಕೈ ಇಲ್ಲ, ಕಾಲಿಲ್ಲ.

ಮೈಸೂರಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಮಾಡ್ತಿದ್ದ ಎ.ಕೆ. ರಾಮಾನುಜನ್ ಈ ಕತೆಯ ಹಲವು ರೂಪ ಸಂಗ್ರಹಿಸಿದ್ರು. 1993ರಲ್ಲಿ ಅವರು ತೀರಿಕೊಂಡ್ರು, ಇದೇ ಕತೆಯ ಹೆಸರು ಹೊತ್ತ ಅವರ ಇಂಗ್ಲಿಷ್ ಪುಸ್ತಕ ಬಂದಿದ್ದು 1997ರಲ್ಲಿ. ಅಷ್ಟರಲ್ಲೇ, 1992ರಲ್ಲಿ, ಗಿರೀಶ್ ಕಾರ್ನಾಡ್ ಹಿಂದಿಯಲ್ಲಿ 'ಚೆಲುವಿ' ಮಾಡಿದ್ರು. ಅಲ್ಲಿ ಮುರಿದ ಕೊಂಬೆ ಅಂದ್ರೆ ಕಡಿದ ಕಾಡು. 2006ರಲ್ಲಿ ಜಾನ್ ಆಡಮ್ಸ್ ವಿಯೆನ್ನಾದಲ್ಲಿ ಇದನ್ನ ಒಪೆರಾ ಮಾಡಿದ್ರು. ಮೊಜಾರ್ಟ್ ಹುಟ್ಟಿ 250 ವರ್ಷ ಆದ ಸಂಭ್ರಮಕ್ಕೆ! ಹಾಡಿದ್ದು ವೆನೆಜುವೆಲಾದ ಮೇಳ, ಸ್ಪ್ಯಾನಿಷ್‌ನಲ್ಲಿ. ಹುಡುಗಿ ಹೆಸರು ಕುಮುದಾ.

ರಾಮಾನುಜನ್ ಅಚ್ಚು ಮಾಡಿಸಿದ ಕತೆಯಲ್ಲಿ ಅವಳಿಗೆ ಹೆಸರೇ ಇಲ್ಲ. ನನಗೆ ಅದೇ ಸರಿ ಅನ್ಸುತ್ತೆ. ಗಂಡನ ಮನೆಗೆ ಹೋಗೋ ಯಾವ ಹುಡುಗಿಯಾದ್ರೂ ಆಗಬಹುದು ತಾನೇ? ಒಪೆರಾ ಇದನ್ನ ಪ್ರೇಮಿಗಳ ಅಗ್ನಿಪರೀಕ್ಷೆ ಥರ ತೋರಿಸುತ್ತೆ. ಆದ್ರೆ ಹೆಂಗಸರು ಹೆಂಗಸರಿಗೆ ಹೇಳ್ತಿದ್ದ ಕತೆ ಇನ್ನೂ ಖಾರ. ಹೂ ಎಲ್ರಿಗೂ ಬೇಕು, ಗಂಡನಿಗೂ ಬೇಕು. ಮರ ಆದವಳಿಗೆ ಓಡೋಕೂ ಆಗಲ್ಲ. ಕೊನೆಗೆ ಅವಳೇ ಹೇಳ್ಕೊಡ್ಬೇಕು: ನೀರು ಸುರಿ, ಮುರಿದ ಕೊಂಬೆನ ನೆಟ್ಟಗೆ ಮಾಡಿ ಕಟ್ಟು. ಅಲ್ಲೀವರೆಗೂ ಹೂ ಮಾತ್ರ ನೋಡಿದ್ದ ರಾಜಕುಮಾರ ಮೊದಲ ಸಲ ಕೊಂಬೆ ನೋಡ್ತಾನೆ.

ನಮ್ಮ ಕೆರಗೋಡು ಕಡೆ, ಮದ್ದೂರು, ಮಳವಳ್ಳಿ ಕಡೆ ನಿಮ್ಮಜ್ಜಿ ಇದನ್ನ ಬೇರೆ ಥರ ಹೇಳ್ತಾರಾ? ಅವರನ್ನ ಕೇಳಿ, ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಮಧ್ಯೆ ಬಾಯಿ ಹಾಕ್ಬೇಡಿ.