ಬೇಟೆಯ ನಾಯಿಯೂ ತಂದೊಪ್ಪಿಸುವ ವಿದ್ಯೆಯೂ

ಬೀದರ ಜಿಲ್ಲೆಯ ಔರಾದ ತಾಲ್ಲೂಕಿಗೆ ಸೇರಿದ ಚಿಂತಾಕಿಯ ಸೀಮೆಯು ದಟ್ಟವಾದ ಅರಣ್ಯವಿಲ್ಲದ ಬಯಲುನಾಡು. ಜೋಳ ತೊಗರಿಗಳ ಹೊಲಗಳೂ ಅವುಗಳ ನಡುವೆ ಅಲ್ಲಲ್ಲಿ ಉಳಿದಿರುವ ಹುಲ್ಲುಗಾವಲುಗಳೂ ಕೂಡಿದ ಈ ಭಾಗವು ಮೊಲಕ್ಕೂ ಕೃಷ್ಣಮೃಗಕ್ಕೂ ನೆಲೆ. ಇಂಥ ನೆಲದಲ್ಲಿ ಬೇಟೆಗಾರನಿಗೆ ಒದಗುವ ನಾಯಿಯು ವಾಸನೆ ಹಿಡಿದು ಪೊದೆಯೊಳಗೆ ನುಗ್ಗುವ ಜಾತಿಯದಲ್ಲ. ದೂರದಲ್ಲಿ ಚಲಿಸುವ ಪ್ರಾಣಿಯನ್ನು ಕಣ್ಣಿನಿಂದಲೇ ಗುರುತಿಸಿ, ಬೆನ್ನಟ್ಟಿ ಕೆಡಹುವ ನೀಳಕಾಲಿನ ಜಾತಿಯದು. ಮರಾಠಿ ಸೀಮೆಯಲ್ಲಿ ಕಾರವಾನವೆಂದೂ ಕನ್ನಡ ಸೀಮೆಯಲ್ಲಿ ಮುಧೋಳದ ನಾಯಿಯೆಂದೂ ಹೆಸರಾದದ್ದು ಇದೇ. ಎಸೆದ ಪದಾರ್ಥವನ್ನು ಕಚ್ಚಿ ತಂದು ಒಡೆಯನ ಕೈಗೆ ಒಪ್ಪಿಸುವ ವಿದ್ಯೆಯನ್ನು ಇಂಥ ನಾಯಿಗೆ ಕಲಿಸುವುದು ಬಹು ಕಷ್ಟವೆಂಬ ಮಾತು ನಾಯಿಗಳನ್ನು ಬಲ್ಲವರಲ್ಲಿ ರೂಢವಾಗಿದೆ. ಆ ಕಷ್ಟದ ಮೂಲವು ನಾಯಿಯ ಬುದ್ಧಿಮಾಂದ್ಯದಲ್ಲಿಲ್ಲ. ಅದಕ್ಕೆ ತಲೆಮಾರುಗಳಿಂದ ಯಾವ ಗುಣಕ್ಕಾಗಿ ಮನ್ನಣೆ ದೊರೆತಿತೋ ಆ ಗುಣದಲ್ಲಿಯೇ ಇದೆ ಎಂಬುದು ಪೂರ್ವೇತಿಹಾಸವನ್ನು ಪರಿಶೀಲಿಸಿದರೆ ತಿಳಿದುಬರುತ್ತದೆ.

ಕನ್ನಡ ನಾಡಿನ ನಾಯಿಗಳಲ್ಲಿ ಅತ್ಯಂತ ಕೀರ್ತಿಶಾಲಿಯಾದುದು ಆತಕೂರಿನ ಶಾಸನದ ಕಾಳಿ. ಶಕ ವರ್ಷ ೮೭೨ರ, ಎಂದರೆ ಕ್ರಿ.ಶ. ೯೪೯–೫೦ರ ಈ ಶಿಲಾಲೇಖವು ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನ ಸಹಾಯದಿಂದ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ವಿಷಯಕ್ಕಾಗಿ ಚರಿತ್ರಕಾರರಿಗೆ ಸುಪರಿಚಿತವಾಗಿದೆ. ಆದರೆ ಕಲ್ಲನ್ನು ನಿಲ್ಲಿಸಿದ ನಿಮಿತ್ತವೇ ಬೇರೆ. ಆ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನು, ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ, ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಬೆಟ್ಟದ ಬಳಿ ಆ ನಾಯಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರನ ಗುಡಿಯ ಎದುರಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಆ ನಾಯಿ ಮಾಡಿದ ಪಾಪವು ತಗಲಲೆಂದು ಶಾಸನವು ವಿಧಿಸುತ್ತದೆ. ಭೂಮಿಯನ್ನೂ ಪೂಜೆಯನ್ನೂ ಪಡೆದ ಈ ನಾಯಿಯ ಹಿರಿಮೆ ಯಾವುದು? ಹಿಡಿದುದನ್ನು ಪ್ರಾಣ ಹೋಗುವವರೆಗೂ ಬಿಡಲಿಲ್ಲವೆಂಬುದೇ. ಪೋರ್ತುಗೀಜ ನೂನಿಜನು ಬರೆದಿಟ್ಟಿರುವ ವಿಜಯನಗರ ಸ್ಥಾಪನೆಯ ಐತಿಹ್ಯದಲ್ಲಿ ಮೊಲವು ಹಿಂದಿರುಗಿ ನಾಯಿಗಳನ್ನು ಕಚ್ಚಿದಾಗ ಅರಸನು ಬೆರಗಾದನೆನ್ನುವುದಕ್ಕೂ ಇದೇ ಭಾವನೆಯು ಆಧಾರ: ಅಟ್ಟುವುದೂ ಹಿಡಿಯುವುದೂ ನಾಯಿಯ ಧರ್ಮ. ತಂದು ಕೊಡುವ ಮಾತು ಎರಡರಲ್ಲಿಯೂ ಇಲ್ಲ. ಬಿದ್ದ ಬೇಟೆಯ ಬಳಿಗೆ ಮನುಷ್ಯನೇ ಓಡಿಹೋಗುತ್ತಿದ್ದನು.

ತಂದೊಪ್ಪಿಸುವುದನ್ನೇ ವೃತ್ತಿಯಾಗಿ ಉಳ್ಳ ನಾಯಿಜಾತಿಗಳು ಬೆಳೆದದ್ದು ಬಂದೂಕು ಹಕ್ಕಿಬೇಟೆಯ ಮುಖ್ಯ ಸಾಧನವಾದ ಮೇಲೆ, ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ. ಗುಂಡು ತಗಲಿ ಜೌಗಿನಲ್ಲಿಯೋ ನೀರಿನಲ್ಲಿಯೋ ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಎತ್ತಿ ತರುವ ನಾಯಿ ಅಲ್ಲಿ ಬೇಕಾಯಿತು. ಲ್ಯಾಬ್ರಡಾರ್ ಮುಂತಾದವು ಈ ಅಗತ್ಯದಿಂದ ರೂಪುಗೊಂಡವು. ಅವುಗಳಿಗೆ ಬಾಯಿಯ ಮೃದುತ್ವವು ವಂಶದಲ್ಲಿಯೇ ಬಂದಿದೆ. ಮುಧೋಳದ ನಾಯಿಗೆ ಬಂದಿರುವುದು ವೇಗ.

ಆದರೂ ಹಿಡಿದುದನ್ನು ಬಿಡಿಸುವ ಉಪಾಯವು ಕನ್ನಡ ನಾಡಿಗೆ ಅಪರಿಚಿತವಾಗಿರಲಿಲ್ಲ. ಚಿಂತಾಕಿಯಿರುವ ಜಿಲ್ಲೆಯಲ್ಲಿಯೇ ಇರುವ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ರಚಿತವಾಯಿತು. ಜ್ಯೋತಿಷದ ಗಣನೆಗಾಗಿ ಅದರಲ್ಲಿ ಹಿಡಿದಿರುವ ಶಕ ೧೦೫೧, ಎಂದರೆ ಕ್ರಿ.ಶ. ೧೧೨೯, ಗ್ರಂಥದ ಕಾಲವನ್ನು ನಿಶ್ಚಯಿಸುತ್ತದೆ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಗ್ರಂಥದ ನಾಲ್ಕನೆಯ ವಿಂಶತಿಯು ಅರಸನ ವಿನೋದಗಳಿಗೆ ಮೀಸಲು. ಅದರಲ್ಲಿ ನಾಯಿಗಳ ವಿನೋದವಾದ ಸಾರಮೇಯವಿನೋದಕ್ಕೂ ಗಿಡುಗನ ವಿನೋದವಾದ ಶ್ಯೇನವಿನೋದಕ್ಕೂ ಬೇರೆ ಬೇರೆ ಅಧ್ಯಾಯಗಳುಂಟು. ಅವು ಒಂದರ ಹಿಂದೆ ಒಂದು ಬರುತ್ತವೆ. ನಾಯಿಯನ್ನೂ ಗಿಡುಗನನ್ನೂ ಒಂದೇ ಆಸ್ಥಾನದಲ್ಲಿ ಸಾಕಿ ಬೇಟೆಗೆ ಬಿಡುತ್ತಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಿಡುಗನನ್ನು ಪಳಗಿಸುವವರ ಕ್ರಮವು ದೇಶಭೇದವಿಲ್ಲದೆ ಹೆಚ್ಚು ಕಡಿಮೆ ಒಂದೇ. ಹೊಡೆತಕ್ಕೂ ಗದರಿಕೆಗೂ ಗಿಡುಗ ಬಗ್ಗುವುದಿಲ್ಲ. ಒಮ್ಮೆ ಹೆದರಿಸಿದರೆ ಹಾರಿಹೋಗಿ ಮರಳಿ ಬಾರದು. ಆದುದರಿಂದ ಹಸಿವನ್ನು ಅರಿತು ಮಾಂಸದ ತುಣುಕನ್ನು ಕೈಯಲ್ಲಿ ತೋರಿ ಕರೆಯುತ್ತಾರೆ. ಹಿಡಿದ ಹಕ್ಕಿಯ ಮೇಲೆ ಕುಳಿತ ಗಿಡುಗನಿಗೆ ಬೇರೆ ತುಣುಕನ್ನು ಒಡ್ಡಿ, ಅದರ ಗಮನವು ಇತ್ತ ತಿರುಗಿದಾಗ ಬೇಟೆಯನ್ನು ಮೆಲ್ಲನೆ ಸರಿಸಿಕೊಳ್ಳುತ್ತಾರೆ. ಇದು ಕಸಿಯುವುದಲ್ಲ, ವಿನಿಮಯ. ನಾಯಿಯು ಮನುಷ್ಯನನ್ನು ಬಿಟ್ಟು ಹೋಗದ ಪ್ರಾಣಿಯಾದುದರಿಂದ ಅದಕ್ಕೆ ಇಷ್ಟು ಮರ್ಯಾದೆಯನ್ನು ತೋರಿಸುವ ಅಗತ್ಯ ಯಾರಿಗೂ ಕಾಣಲಿಲ್ಲವೆಂದು ಹೇಳಬಹುದು. ಅಮೆರಿಕೆಯ ಹಕ್ಕಿಬೇಟೆಯ ನಾಯಿಗಳ ಶಿಕ್ಷಕರಲ್ಲಿಯೂ, ಕಿವಿಯನ್ನು ಹಿಂಡಿ, ನೋವಿಗೆ ಬಾಯಿ ತೆರೆದಾಗ ಮರದ ತುಂಡನ್ನು ತುರುಕುವ ಪದ್ಧತಿಯು ಬಹುಕಾಲ ಪ್ರಚಲಿತವಾಗಿತ್ತು.

ಈ ಕ್ರಮವನ್ನು ಬದಲಿಸಿದ ಶಾಸ್ತ್ರವು ಪ್ರಯೋಗಶಾಲೆಯಿಂದ ಬಂದಿತು. ಫಲವು ಸುಖಕರವಾದ ಕ್ರಿಯೆಯನ್ನು ಪ್ರಾಣಿಯು ಮತ್ತೆ ಮಾಡುತ್ತದೆಂಬುದನ್ನು ಥಾರ್ನ್‌ಡೈಕನು ೧೮೯೮ರ ಬೆಕ್ಕುಗಳ ಪರೀಕ್ಷೆಯಿಂದ ತೋರಿಸಿದನು. ಆಹಾರದೊಡನೆ ಸೇರಿ ಬಂದ ಶಬ್ದವೇ ಕ್ರಮೇಣ ಆಹಾರದಂತೆ ಪ್ರಭಾವ ಬೀರುವುದನ್ನು ರಷ್ಯದ ಪಾವ್ಲೊವನು ನಾಯಿಗಳಲ್ಲಿ ಕಂಡನು. ಸ್ಕಿನ್ನರನು ೧೯೩೮ರ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತರಿಸಿ, ೧೯೫೧ರ ಒಂದು ಲೇಖನದಲ್ಲಿ, ಒತ್ತಿದರೆ ಟಿಕ್ಕೆನ್ನುವ ಮಕ್ಕಳ ಆಟಿಕೆಯನ್ನು ಪ್ರಾಣಿಗಳ ಶಿಕ್ಷಣಕ್ಕೆ ಬಳಸಬಹುದೆಂದು ಸಾಮಾನ್ಯ ಜನರಿಗೆ ತಿಳಿಸಿದನು. ಅವನ ಶಿಷ್ಯರಾದ ಬ್ರೆಲಂಡ್ ದಂಪತಿಗಳು ೧೯೪೩ರಲ್ಲಿಯೇ ಇದನ್ನು ಉದ್ಯಮವಾಗಿ ಕೈಗೊಂಡಿದ್ದರು. ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಸೀಟಿಯ ಸಂಜ್ಞೆಯಿಂದ ಪಳಗಿಸಿದ ಕಾರೆನ್ ಪ್ರಯರ್ ಎಂಬ ವಿದುಷಿಯ ೧೯೮೪ರ ಗ್ರಂಥವೂ ಅನಂತರದ ಪ್ರಚಾರವೂ ಕ್ಲಿಕರನ್ನು ನಾಯಿ ಸಾಕುವವರ ಮನೆಮನೆಗೆ ಮುಟ್ಟಿಸಿದವು.

ಇಷ್ಟರಿಂದ ಕ್ಲಿಕರಿನ ವಿದ್ಯೆಯು ಕಲ್ಯಾಣದ ಆಸ್ಥಾನದಲ್ಲಿಯೇ ಇದ್ದಿತೆಂದು ಹೆಮ್ಮೆಪಡಹೊರಡುವುದು ಸರಿಯಲ್ಲ. ಗಿಡುಗನ ಶಿಕ್ಷಕನು ಕೊಡುವ ತುಣುಕು ಕೈಯಳತೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಐವತ್ತು ಹೆಜ್ಜೆ ದೂರದಲ್ಲಿರುವ ನಾಯಿಯು ಪದಾರ್ಥವನ್ನು ಸರಿಯಾಗಿ ಎತ್ತಿದ ಕ್ಷಣದಲ್ಲಿ ಅದಕ್ಕೆ ಆಹಾರವನ್ನು ಕೊಡುವುದು ಅಸಾಧ್ಯ. ಅದು ಬಳಿಗೆ ಬರುವಷ್ಟರಲ್ಲಿ ನಡುವೆ ಹತ್ತು ಕ್ರಿಯೆಗಳು ನಡೆದುಹೋಗಿ, ಬಹುಮಾನ ಯಾವುದಕ್ಕೆಂಬುದು ಅದಕ್ಕೆ ತಿಳಿಯದು. ಟಿಕ್ಕೆಂಬ ಧ್ವನಿಯು ಆ ಕ್ಷಣಕ್ಕೆ ಮುದ್ರೆಯೊತ್ತುತ್ತದೆ, ಆಹಾರವು ಹಿಂದಿನಿಂದ ಬರುತ್ತದೆ. ಹೊಸತನವಿರುವುದು ಇಷ್ಟರಲ್ಲಿಯೇ, ಆದರೆ ಇದು ಅಲ್ಪವಲ್ಲ.

ಪದ್ಧತಿಯ ಮಿತಿಯನ್ನು ಅದರ ಪ್ರವರ್ತಕರೇ ಕಂಡುಕೊಂಡರೆಂಬುದು ಗಮನಾರ್ಹ. ನಾಣ್ಯವನ್ನು ಎತ್ತಿ ಡಬ್ಬಿಯೊಳಗೆ ಹಾಕಲು ಬ್ರೆಲಂಡರು ರಕೂನ್ ಎಂಬ ಅಮೆರಿಕೆಯ ಪ್ರಾಣಿಗೆ ಕಲಿಸಹೋದಾಗ, ಅದು ಎತ್ತುವುದನ್ನು ಬೇಗನೆ ಕಲಿತಿತು; ಬಿಡುವುದನ್ನು ಮಾತ್ರ ಒಲ್ಲದೆ, ಎರಡು ನಾಣ್ಯಗಳನ್ನು ಕೈಯಲ್ಲಿ ಉಜ್ಜುತ್ತಲೇ ಕುಳಿತಿತು. ಹಂದಿಗಳು ನಾಣ್ಯವನ್ನು ನೆಲಕ್ಕೆ ಕೆಡವಿ ಮೂತಿಯಿಂದ ಕೆದಕಿದವು. ಆಹಾರವು ಕೈತಪ್ಪಿದರೂ ಪ್ರಾಣಿಯು ತನ್ನ ಹುಟ್ಟುಗುಣಕ್ಕೆ ಜಾರುತ್ತದೆಂದು ಅವರು ೧೯೬೧ರಲ್ಲಿ ಬರೆದರು. ಆತಕೂರಿನ ಕಾಳಿಯ ಕಥೆಯನ್ನು ಬಲ್ಲವರಿಗೆ ಇದು ಆಶ್ಚರ್ಯವನ್ನು ಉಂಟುಮಾಡಲಾರದು.

ಆದುದರಿಂದ ಮುಧೋಳದ ನಾಯಿಯ ವಿಷಯದಲ್ಲಿ ಪಾಠವನ್ನು ಕೊನೆಯಿಂದ ಆರಂಭಿಸಬೇಕಾಗುತ್ತದೆ. ಮೊದಲು ಟಿಕ್ಕೆಂದೊಡನೆ ಬಾಡಿನ ತುಣುಕೆಂಬ ಸಂಬಂಧವು ಹತ್ತಿಪ್ಪತ್ತು ಸಲದ ಅಭ್ಯಾಸದಿಂದ ನೆಲೆಗೊಳ್ಳಬೇಕು. ಧ್ವನಿ ಮಾಡಿದ ಮೇಲೆ, ಶಿಕ್ಷಕನ ತಪ್ಪಿನಿಂದಲೇ ಆಗಿರಲಿ, ತುಣುಕನ್ನು ಕೊಡದೆ ಇರಬಾರದು. ಅನಂತರ ನಾಯಿಯ ಬಾಯಿಗೆ ಬಟ್ಟೆಯ ಉಂಡೆಯನ್ನು ಹಿಡಿಸಿ, ಅದನ್ನು ಕೈಗೆ ಬಿಟ್ಟ ಕ್ಷಣದಲ್ಲಿ ಟಿಕ್ಕೆನ್ನಿಸಬೇಕು. ಬಿಟ್ಟರೆ ನಷ್ಟವಿಲ್ಲವೆಂಬುದು ದೃಢವಾದ ಮೇಲೆಯೇ ಎತ್ತುವುದು, ಒಂದು ಕ್ಷಣ ಹಿಡಿದಿರುವುದು, ತಿರುಗುವುದು, ಒಂದೆರಡು ಹೆಜ್ಜೆ ಬರುವುದು. ಈ ಜಾತಿಯ ಕಣ್ಣಿಗೆ ನಿಶ್ಚಲವಾದ ವಸ್ತುವಿನಲ್ಲಿ ಆಸಕ್ತಿಯಿಲ್ಲದಿರುವುದರಿಂದ ಉಂಡೆಯನ್ನು ಹಗ್ಗಕ್ಕೆ ಕಟ್ಟಿ ಎಳೆದು ತೋರಿಸುವುದು ಅವಶ್ಯಕ. ಪಾಠವು ಕೆಲವೇ ನಿಮಿಷಗಳದ್ದಾಗಿರಬೇಕು. ಕಿವಿ ಹಿಂಡುವ ಕ್ರಮವು ಇಲ್ಲಿ ನಿಷ್ಫಲ. ನೋವುಂಡ ನಾಯಿ ಆ ಪದಾರ್ಥವನ್ನು ಕಂಡರೇ ಮುಖ ತಿರುಗಿಸುತ್ತದೆ.

ಇದು ಕೇವಲ ವಿನೋದದ ವಿಷಯವಾಗಿ ಉಳಿದಿಲ್ಲ. ೨೦೦೪ರಲ್ಲಿ ಬೀದರಿನಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಡಳಿತಕ್ಕೆ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವು ಸೇರಿದೆ. ಈ ಜಾತಿಯ ಮರಿಗಳು ೨೦೧೬ರಲ್ಲಿ ಸೈನ್ಯದ ಶಿಕ್ಷಣಕ್ಕಾಗಿ ಮೀರತ್ತಿಗೆ ಹೋದವು. ಲ್ಯಾಬ್ರಡಾರಿಗಾಗಿ ಏರ್ಪಟ್ಟ ಪರೀಕ್ಷೆಯ ಕ್ರಮವನ್ನೇ ಇವುಗಳಿಗೂ ಅನ್ವಯಿಸಿ ಯೋಗ್ಯತೆಯನ್ನು ನಿರ್ಣಯಿಸುವುದು ನ್ಯಾಯವಲ್ಲ. ಇತ್ತ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಮೊಲದ ಬೇಟೆಯೂ ಕೃಷ್ಣಮೃಗದ ಬೇಟೆಯೂ ಅಪರಾಧಗಳಾದವು. ಓಡುವುದಕ್ಕೆಂದೇ ಹುಟ್ಟಿದ ನಾಯಿಯನ್ನು ಚಿಂತಾಕಿಯ ಬಯಲಿನಲ್ಲಿ ಬಿಚ್ಚಿ ಬಿಟ್ಟರೆ ಅದು ಜಿಂಕೆಯನ್ನು ಅಟ್ಟುವ ಭಯವುಂಟು, ಕಟ್ಟಿಹಾಕಿದರೆ ಕೊರಗಿ ಕೆಡುವ ಭಯವುಂಟು. ಹಗ್ಗದ ತುದಿಯ ಬಟ್ಟೆಯ ಉಂಡೆಯು ಅದರ ಓಟಕ್ಕೆ ಉಳಿದಿರುವ ನಿರಪರಾಧವಾದ ಗುರಿಗಳಲ್ಲೊಂದು.