ಸೋಡಾ ಕಾರ್ಖಾನೆಯ ಹೊಗೆ ಮತ್ತು ಕಾನೂನು

ಕ್ಷಾರಕ್ಕೆ ಇಂಗ್ಲಿಷಿನವರು ಹೇಳುವ 'ಆಲ್ಕಲಿ' ಎಂಬ ಪದ ಅರಬಿ ಭಾಷೆಯದು. ಉಪ್ಪುನೆಲದ ಗಿಡಗಳನ್ನು ಸುಟ್ಟಾಗ ಸಿಗುವ ಬೂದಿ ಎಂದು ಅದರ ಅರ್ಥ. ಸಾಬೂನಿಗೂ ಗಾಜಿಗೂ ಜನ ಶತಮಾನಗಳ ಕಾಲ ಈ ಬೂದಿಯನ್ನೇ ನೆಚ್ಚಿದ್ದರು. 18ನೇ ಶತಮಾನದಲ್ಲಿ ಯುರೋಪಿನ ಕೈಗಾರಿಕೆಗಳು ಬೆಳೆದಂತೆ ಬೂದಿ ಸಾಲದಾಯಿತು.

1791ರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂ ಅಡುಗೆ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಉಪ್ಪಿಗೆ ಗಂಧಕಾಮ್ಲ ಬೆರೆಸಿ ಕಾಯಿಸುವುದು; ಬಂದದ್ದನ್ನು ಸುಣ್ಣಕಲ್ಲು, ಕಲ್ಲಿದ್ದಲಿನೊಂದಿಗೆ ಸುಡುವುದು. ಆದರೆ ಕ್ರಾಂತಿ ಸರಕಾರ ಅವನ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. ಅದು ಮರಳಿ ಕೈಗೆ ಬಂದಾಗ ನಡೆಸಲು ಹಣವಿರಲಿಲ್ಲ. 1806ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ.

ಈ ವಿಧಾನದಿಂದ ಹೆಚ್ಚು ಲಾಭ ಮಾಡಿಕೊಂಡದ್ದು ಇಂಗ್ಲೆಂಡ್. 1820ರ ದಶಕದಿಂದ ಲಿವರ್‌ಪೂಲ್, ಸೇಂಟ್ ಹೆಲೆನ್ಸ್, ಮುಂದೆ ವಿಡ್ನೆಸ್‌ಗಳಲ್ಲಿ ಕಾರ್ಖಾನೆಗಳು ಎದ್ದವು. 8 ಟನ್ ಸೋಡಾಕ್ಕೆ ಸುಮಾರು ಐದೂವರೆ ಟನ್ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಹುಟ್ಟುತ್ತಿತ್ತು. ಅದನ್ನು ಗಾಳಿಗೇ ಬಿಟ್ಟರು. ಸುತ್ತಲಿನ ಮರಗಳು ಒಣಗಿದವು, ಬೆಳೆ ಸುಟ್ಟುಹೋಯಿತು. ಚಿಮಣಿಯನ್ನು ಎತ್ತರಿಸಿದರೆ ವಿಷ ಇನ್ನೂ ದೂರದ ಊರಿಗೆ ಹೋಯಿತು. 1836ರಲ್ಲಿ ವಿಲಿಯಂ ಗಾಸೇಜ್ ಆ ಅನಿಲವನ್ನು ನೀರಿನಲ್ಲಿ ಕರಗಿಸುವ ಗೋಪುರ ಕಂಡುಹಿಡಿದ. ಆದರೆ ಆ ಆಮ್ಲ ಹಳ್ಳಕೊಳ್ಳಗಳಿಗೆ ಹರಿಯಿತು. ಗುಡ್ಡೆ ಬಿದ್ದ ಗಂಧಕದ ಕಸ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು.

ಜಮೀನುದಾರರ ಒತ್ತಡದಿಂದ 1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆಲ್ಕಲಿ ಕಾಯ್ದೆ ತಂದಿತು. ಶೇ. 95ರಷ್ಟು ಆಮ್ಲಾನಿಲವನ್ನು ಹಿಡಿದಿಡಲೇಬೇಕೆಂದು ವಿಧಿಸಿತು. ರಾಬರ್ಟ್ ಆಂಗಸ್ ಸ್ಮಿತ್ ಮೊದಲ ಇನ್‌ಸ್ಪೆಕ್ಟರ್ ಆದ. ಕಾರ್ಖಾನೆ ಮುಚ್ಚಬೇಕಾದೀತು ಎಂಬ ಭಯ ಸುಳ್ಳಾಯಿತು. ಹಿಡಿದಿಟ್ಟ ಆಮ್ಲದಿಂದಲೇ ಕ್ಲೋರಿನ್, ಅದರಿಂದ ಬ್ಲೀಚಿಂಗ್ ಪೌಡರ್ ಮಾಡಿ ಮಾಲೀಕರು ಹಣ ಗಳಿಸಿದರು.

ಆದರೆ ಆ ಕಾಯ್ದೆಯಲ್ಲಿ ಕಾರ್ಮಿಕನಿಗೆ ಜಾಗವಿರಲಿಲ್ಲ. ಕುಲುಮೆಯ ಮುಂದೆ ನಿಂತವರ ಹಲ್ಲುಗಳು ಆಮ್ಲಕ್ಕೆ ಸವೆದುಹೋಗುತ್ತಿದ್ದವು. ಬ್ಲೀಚಿಂಗ್ ಪೌಡರ್ ತುಂಬುವವರು ಬಾಯಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ಉಸಿರಾಡುತ್ತಿದ್ದರು. ಜಮೀನುದಾರನ ಮರಕ್ಕೆ ಸಿಕ್ಕ ರಕ್ಷಣೆ ಬಡವನ ಶ್ವಾಸಕೋಶಕ್ಕೆ ಸಿಗಲಿಲ್ಲ.

ನಮ್ಮ ದೇಶದ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ, 1984ರ ಡಿಸೆಂಬರಿನಲ್ಲಿ, ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾಗಿದ್ದರು. ಹೆಚ್ಚು ನೊಂದವರು ಕಾರ್ಖಾನೆಯ ಪಕ್ಕದ ಬಡ ಬಸ್ತಿಗಳವರು. ಯಾರ ನಷ್ಟವನ್ನು ನಷ್ಟವೆಂದು ಎಣಿಸುತ್ತೇವೆ ಎಂಬ ಪ್ರಶ್ನೆ ವಿಡ್ನೆಸ್‌ನಲ್ಲಿ ಹುಟ್ಟಿತು. ಅದಕ್ಕೆ ನ್ಯಾಯವಾದ ಉತ್ತರ ಕೊಡುವ ಹೊಣೆ ಈಗ ನಮ್ಮದು.